ಕೆಲಸ ನಮ್ಮ ದಿನನಿತ್ಯದ ಬದುಕನ್ನು ಹೇಗೆ ರೂಪಿಸುತ್ತದೆ: ಅಧ್ಯಯನ ಟಿಪ್ಪಣಿ

ಉದ್ಯೋಗ ಜೀವನಶೈಲಿಯನ್ನು ಹೇಗೆ ರೂಪಿಸುತ್ತದೆ ಅನ್ನುವ ಪ್ರಶ್ನೆಗೆ ಉತ್ತರ ಬರೆಯುವಾಗ ನಾವೆಲ್ಲ ಮೊದಲು ಬರೆಯುವುದು ಸಂಬಳದ ಬಗ್ಗೆ. ಸಂಬಳ ಹೆಚ್ಚಿದ್ದರೆ ಒಳ್ಳೆಯ ಮನೆ, ಒಳ್ಳೆಯ ಊಟ, ಮಕ್ಕಳಿಗೆ ಒಳ್ಳೆಯ ಶಾಲೆ. ಇದು ನಿಜವೇ. ಆದರೆ ಇನ್ನೂ ಮೂರು ಸಂಗತಿಗಳನ್ನು ನೋಡಬೇಕು. ಕೆಲಸದಲ್ಲಿ ಮೈಗೆ ಎಷ್ಟು ಓಡಾಟ ಇದೆ? ಕೆಲಸದ ಹೊತ್ತು ಯಾವುದು? ಅಲ್ಲಿ ನಮ್ಮ ಮಾತು ಎಷ್ಟು ನಡೆಯುತ್ತದೆ? ನನಗೆ ಮೂರನೆಯದೇ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ.

ಮೈಗೆ ಓಡಾಟ

ಇಲ್ಲಿ ಓದಲೇಬೇಕಾದ ಉದಾಹರಣೆ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳದ್ದು. ಜೆರ್ರಿ ಮಾರಿಸ್ ಎಂಬ ವೈದ್ಯರ ತಂಡ ಇದನ್ನು 1953ರಲ್ಲಿ ಪ್ರಕಟಿಸಿತು. ಡ್ರೈವರ್ ಪಾಳಿಯುದ್ದಕ್ಕೂ ಕೂತೇ ಇರುತ್ತಿದ್ದರು. ಕಂಡಕ್ಟರ್ ಟಿಕೆಟ್ ಕೊಡುತ್ತಾ ದಿನಕ್ಕೆ ನೂರಾರು ಮೆಟ್ಟಿಲು ಹತ್ತುತ್ತಿದ್ದರು. ಇಬ್ಬರದೂ ಒಂದೇ ಬಸ್ಸು, ಹೆಚ್ಚುಕಡಿಮೆ ಒಂದೇ ಮಟ್ಟದ ಬದುಕು. ಆದರೂ ಹೃದಯದ ಕಾಯಿಲೆ ಡ್ರೈವರ್‌ಗಳಲ್ಲೇ ಜಾಸ್ತಿ ಕಂಡುಬಂತು.

ಉತ್ತರವನ್ನು ಇಲ್ಲಿಗೇ ನಿಲ್ಲಿಸಬೇಡಿ. ಅದೇ ಸಂಶೋಧಕರು 1956ರಲ್ಲಿ ಸಮವಸ್ತ್ರದ ಅಳತೆಗಳನ್ನು ಪರಿಶೀಲಿಸಿದರು. ಡ್ರೈವರ್‌ಗಳ ಪ್ಯಾಂಟಿನ ಸೊಂಟದ ಅಳತೆ ಕಂಡಕ್ಟರ್‌ಗಳಿಗಿಂತ ದೊಡ್ಡದಿತ್ತು, ಚಿಕ್ಕ ವಯಸ್ಸಿನವರಲ್ಲೂ. ಹಾಗಾದರೆ ಕೆಲಸ ಮೈಯನ್ನು ಬದಲಿಸಿತೋ, ಅಥವಾ ಮೈಕಟ್ಟು ನೋಡಿಕೊಂಡು ಜನ ಕೆಲಸ ಆರಿಸಿಕೊಂಡರೋ? ಈ ವಿಷಯದ ಯಾವ ಅಧ್ಯಯನ ಓದಿದರೂ ಈ ಪ್ರಶ್ನೆ ಕೇಳಲೇಬೇಕು.

ಹೊತ್ತು

ರಾತ್ರಿ ಪಾಳಿಯವರಿಗೆ ಎಲ್ಲರ ಹಗಲು ರಾತ್ರಿಯಾಗುತ್ತದೆ. ಬೆಳಕು ನೋಡಿ ಎಚ್ಚರವಾಗುವ ಮೈಯನ್ನು ಹಗಲಲ್ಲಿ ಮಲಗಿಸುವುದು ಸುಲಭವಲ್ಲ. ನಿದ್ದೆ ಕಡಿಮೆಯಾಗುತ್ತದೆ, ಊಟದ ಹೊತ್ತು ತಪ್ಪುತ್ತದೆ, ಮನೆಯವರು ಸೇರುವ ಸಂಜೆ ಕೈತಪ್ಪುತ್ತದೆ. ಕೆಲಸದ ಅವಧಿ ಅತಿಯಾದರೂ ತೊಂದರೆಯೇ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಕೊಟ್ಟ ಅಂದಾಜು ನೆನಪಿಡಿ: ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35ರಷ್ಟು ಜಾಸ್ತಿ.

ನಮ್ಮ ಮಾತು ಎಷ್ಟು ನಡೆಯುತ್ತದೆ

ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ವೈಟ್‌ಹಾಲ್ ಅಧ್ಯಯನ ಶುರುವಾಯಿತು. ಇವರೆಲ್ಲ ಕಚೇರಿಯಲ್ಲಿ ಕೆಲಸ ಮಾಡುವವರು, ಯಾರೂ ಕಡುಬಡವರಲ್ಲ. ಆದರೂ ದರ್ಜೆ ಇಳಿದಂತೆ ಹೃದಯದ ಕಾಯಿಲೆಯಿಂದ ಸಾಯುವವರ ಪ್ರಮಾಣ ಏರುತ್ತಾ ಹೋಯಿತು. ಸಿಗರೇಟು, ರಕ್ತದೊತ್ತಡ ಎಲ್ಲ ಲೆಕ್ಕ ಹಾಕಿದರೂ ಪೂರ್ತಿ ಕಾರಣ ಸಿಗಲಿಲ್ಲ. 1985ರಲ್ಲಿ ಶುರುವಾದ ಎರಡನೇ ಅಧ್ಯಯನ ಕೆಲಸದ ಒಳಗೇ ನೋಡಿತು. ತಮ್ಮ ಕೆಲಸದ ಮೇಲೆ ತಮಗೇ ಹಿಡಿತ ಇಲ್ಲದವರಲ್ಲಿ ಹೃದಯದ ತೊಂದರೆ ಹೆಚ್ಚಿತ್ತು.

ಇದಕ್ಕೆ ಕೆಲಸದ ಒತ್ತಡದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲೇ ಒಂದು ಮಾದರಿ ಕೊಟ್ಟಿದ್ದರು. ಕೆಲಸದ ಹೊರೆ ಒಂದು ಕಡೆ, ತೀರ್ಮಾನ ತೆಗೆದುಕೊಳ್ಳುವ ಅವಕಾಶ ಇನ್ನೊಂದು ಕಡೆ. ಹೊರೆ ಹೆಚ್ಚಿ ಅವಕಾಶ ಕಡಿಮೆಯಾದಾಗ ಒತ್ತಡ ಅತಿ ಹೆಚ್ಚು. ಎರಡೂ ಹೆಚ್ಚಿದ್ದರೆ ಮನುಷ್ಯ ಹೊಸದನ್ನು ಕಲಿಯುತ್ತಾನೆ, ಬಿಡುವಿನ ವೇಳೆಯಲ್ಲೂ ಚುರುಕಾಗಿರುತ್ತಾನೆ. ಕೆಲಸದಿಂದ ಬಂದು ಸುಮ್ನೆ ಬಿದ್ದುಕೊಳ್ಳುವವರನ್ನು ಸೋಮಾರಿ ಅನ್ನುವ ಮೊದಲು ಇದನ್ನು ಯೋಚಿಸಬೇಕು ಅಲ್ವಾ?

ನನಗೆ ತುಂಬಾ ಹಿಡಿಸಿದ್ದು ಅಮೆರಿಕದ ಸಮಾಜಶಾಸ್ತ್ರಜ್ಞ ಮೆಲ್ವಿನ್ ಕೋನ್ ಅವರ ಕೆಲಸ. ಮೇಲಿನವರ ಕಣ್ಗಾವಲಿನಲ್ಲಿ ಒಂದೇ ಬಗೆಯ ಕೆಲಸ ಮಾಡುವ ತಂದೆಯರು ಮಕ್ಕಳಲ್ಲಿ ವಿಧೇಯತೆಯನ್ನು ಹೆಚ್ಚು ಬಯಸುತ್ತಿದ್ದರು. ಸ್ವಂತ ಬುದ್ಧಿಯಿಂದ ತೀರ್ಮಾನಿಸುವ ಕೆಲಸದವರು ಮಕ್ಕಳೂ ತಾವೇ ಯೋಚಿಸಲಿ ಅನ್ನುತ್ತಿದ್ದರು. ಕೆಲಸದ ಜಾಗದಲ್ಲಿ ಏನು ಮಾಡಿದರೆ ನಡೆಯುತ್ತದೆ ಅನ್ನುವ ಪಾಠ ಮನೆಗೂ ಬರುತ್ತದೆ.

ಈಗ ಆ ಬಸ್ಸಿನ ಪ್ರಶ್ನೆಯನ್ನು ಇಲ್ಲೂ ಕೇಳಿ: ಅಂಥ ಸ್ವಭಾವದವರೇ ಅಂಥ ಕೆಲಸ ಹಿಡಿದಿರಬಹುದಲ್ಲ? ಕೋನ್ ಮತ್ತು ಅವರ ಸಹ ಸಂಶೋಧಕ ಕಾರ್ಮಿ ಸ್ಕೂಲರ್ ಇದನ್ನು ಬಿಡಿಸಲು 1964ರಲ್ಲಿ ಮಾತನಾಡಿಸಿದ್ದವರಲ್ಲಿ ಹಲವರನ್ನು 1974ರಲ್ಲಿ ಮತ್ತೆ ಮಾತನಾಡಿಸಿದರು. ಎರಡೂ ನಿಜವಾಗಿತ್ತು. ಕೆಲಸದ ಸಂಕೀರ್ಣತೆ ಅವರ ಯೋಚನೆಯನ್ನು ಬೇಗನೆ ಬದಲಿಸಿತ್ತು. ಅವರ ಯೋಚನಾಶಕ್ತಿಯೂ ಮುಂದೆ ಸಿಗುವ ಕೆಲಸವನ್ನು ಬದಲಿಸಿತ್ತು, ಆದರೆ ಅದಕ್ಕೆ ವರ್ಷಗಳೇ ಹಿಡಿದವು.