ಮನೆ ಕಥೆ ಬರಿಯೋಕೆ ಹೆಸರು ಬದಲಾಯಿಸಿದ್ರೆ ಸಾಕಾ?

ಪ್ರಶ್ನೆ: ಅಕ್ಕಾ, ನಿಮ್ಮ ಎರಡೂ ಪುಸ್ತಕ ಓದಿದೀನಿ. ನಂಗೂ ಇಬ್ರು ಮಕ್ಳು, ತುಂಬಿದ ಮನೆ, ಬರಿಯೋಕೆ ಬೇಕಾದಷ್ಟಿದೆ. ಆದ್ರೆ ಅತ್ತೆ ಏನಂತಾರೋ, ಮಕ್ಳು ದೊಡ್ಡೋರಾದ್ಮೇಲೆ ಬೈತಾರೋ ಅಂತ ಭಯ. ಎಲ್ಲರ ಹೆಸರೂ ಬದಲಾಯಿಸಿ ಬರೆದ್ರೆ ಸಾಕಾಗುತ್ತಾ?

ಉತ್ತರ: ಈ ಪ್ರಶ್ನೆ ಎಷ್ಟು ಸಲ ಬಂದಿದೆ ಅಂತ ಲೆಕ್ಕ ಇಟ್ಟಿಲ್ಲ, ಸೋಮವಾರಪೇಟೆ ಸಂತೆಲಿ ಹಸಿಮೆಣಸು ಆರಿಸ್ತಾ ಇರೋವಾಗ್ಲೂ ಒಬ್ರು ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಾರೆ. ಸಾಕಾಗಲ್ಲ ಕಣಮ್ಮ. ಬೆಂಗಳೂರಲ್ಲಿ ಸಾಕಾಗ್ಬೋದೇನೋ, ನಮ್ಮ ಕೊಡಗಲ್ಲಂತೂ ಇಲ್ಲ. 2011ರ ಜನಗಣತಿಲಿ ಇಡೀ ಜಿಲ್ಲೆಗೆ ಇದ್ದಿದ್ದೇ ಸುಮಾರು 5.54 ಲಕ್ಷ ಜನ. ಅದ್ರಲ್ಲೂ ಒಂದು ಹೋಬಳಿ ಒಳಗೆ ಯಾರು ಯಾರನ್ನೂ ಹೆಸರಿಂದ ಗುರುತು ಹಿಡಿಯಲ್ಲ, ಜೀಪಿಂದ ಹಿಡಿತಾರೆ, ಗೇಟಿಂದ ಹಿಡಿತಾರೆ, ನಾಯಿಯಿಂದ ಹಿಡಿತಾರೆ, "ಮಳೆಗಾಲದಲ್ಲಿ ರಸ್ತೆಗೆ ಬಾಗೋ ಸಿಲ್ವರ್ ಮರ ಇದ್ಯಲ್ಲ, ಆ ಮನೆಯೋರು" ಅಂತ ಹಿಡಿತಾರೆ. ನೀನು ಹೆಸರು ಬದಲಾಯಿಸಿ ಆ ಮರ ಹಾಗೇ ಬಿಟ್ರೆ ಏನು ಬಂತು.

ನನ್ನ ಮೊದಲ ಪುಸ್ತಕದಲ್ಲಿ ನಾನು ಮಾಡಿದ್ದೂ ಇದನ್ನೇ. ಅತ್ತೆಗೆ ಒಂದು ಹಳೇ ಕಾಲದ ಹೆಸರಿಟ್ಟೆ, ಚೆನ್ನಾಗಿದೆ, ಯಾರಿಗೂ ಗೊತ್ತಾಗಲ್ಲ ಅಂತ ಖುಷಿಯಾಗಿದ್ದೆ. ಪುಸ್ತಕ ಬಂದು ತಿಂಗಳಾದ್ಮೇಲೆ ಗೊತ್ತಾಯ್ತು, ಅದು ಅತ್ತೆಯ ವಾರಗಿತ್ತಿ ಹೆಸರು. ಶನಿವಾರಸಂತೆ ಕಡೆ ಇರೋ ಅವರನ್ನ ನಾವೆಲ್ಲ ದೊಡ್ಡತ್ತೆ ಅಂತ್ಲೇ ಕರೆಯೋದು, ಮದುವೆಯಾಗಿ ಹನ್ನೊಂದು ವರ್ಷ ಆದ್ರೂ ನಿಜವಾದ ಹೆಸರು ನಂಗೆ ಗೊತ್ತೇ ಇರ್ಲಿಲ್ಲ. ಆಮೇಲೆ ಒಂದು ಮದುವೆ ಮನೆಲಿ ಅವರ ಎಲೆಗೆ ಪಾಯಸ ಬಡಿಸೋಕೆ ಹೋದ್ರೆ ಕೈ ಅಡ್ಡ ಇಟ್ರು. ಇತ್ತ ಅತ್ತೆಯನ್ನ ಊರೆಲ್ಲ ಗುರುತು ಹಿಡಿದಾಗಿತ್ತು, ಯಾಕಂದ್ರೆ ಕಾಳುಮೆಣಸು ಒಣಗಿಸೋವಾಗ ಕಣದ ಮಧ್ಯ ಕೊಡೆ ಹಿಡ್ಕೊಂಡು ಕುರ್ಚಿ ಹಾಕ್ಕೊಂಡು ಕೂರೋ ಹೆಂಗಸು ನಮ್ಮ ಕಡೆ ಇರೋದು ಒಬ್ಬರೇ. ಒಂದು ಹೆಸರು ಬದಲಾಯಿಸಿ ಇಬ್ಬರ ಮುನಿಸು ತಗೊಂಡೆ.

ಹೆಸರು ಮುಚ್ಚಿಡೋ ಕಷ್ಟ ನಮ್ಮ ಜಿಲ್ಲೆಗೆ ಹೊಸದಲ್ಲ ಬಿಡು. ಕೊಡಗಿನ ಗೌರಮ್ಮ, 1912ರಲ್ಲಿ ಹುಟ್ಟಿದ್ದು, ಕಥೆಗಳ ಕೆಳಗೆ ಹಾಕ್ತಾ ಇದ್ದ ಹೆಸರು ಮಿಸೆಸ್ ಬಿ.ಟಿ.ಜಿ. ಕೃಷ್ಣ. ಗಂಡನ ಹೆಸರಿನ ಹಿಂದೆ ನಿಂತ್ಕೊಂಡು ಆ ಕಾಲಕ್ಕೇ ಹೆಣ್ಮಕ್ಕಳ ಕಷ್ಟ, ಮದುವೆ, ವಿಧವೆಯರ ಪಾಡು ಎಲ್ಲ ಬರೆದ್ರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಒಡವೆನ ಹರಿಜನ ನಿಧಿಗೆ ಕೊಟ್ಟಿದ್ದು ಅವರೇ. 1939ರಲ್ಲಿ ನೀರಲ್ಲಿ ಮುಳುಗಿ ತೀರ್ಕೊಂಡಾಗ ವಯಸ್ಸು ಬರೀ 27, ಮಗ ಇನ್ನೂ ಚಿಕ್ಕೋನು. ಇವತ್ತು ಆ ಮಿಸೆಸ್ ಹೆಸರು ಯಾರಿಗೂ ನೆನಪಿಲ್ಲ, ಎಲ್ರಿಗೂ ಗೊತ್ತಿರೋದು ಗೌರಮ್ಮ, ಅದೂ ಮುಂದೆ ಊರಿನ ಹೆಸರು ಸೇರಿಸಿ. ನಂಗೆ ಇದು ಬಾಳ ಇಷ್ಟ.

ಕಾನೂನು ಏನು ಹೇಳುತ್ತೆ ಅಂತ್ಲೂ ಕೆಲವರು ಕೇಳ್ತಾರೆ. ಮಾನಹಾನಿಗೆ ಮೊದಲು ಐಪಿಸಿ 499 ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್. ಹೆಸರು ಹಾಕಿಲ್ಲ ಅನ್ನೋದು ರಕ್ಷಣೆ ಅಲ್ಲ, ಓದಿದೋರಿಗೆ ಇದು ಇಂಥವರೇ ಅಂತ ಗೊತ್ತಾಗೋ ಹಾಗಿದ್ರೆ ಅಷ್ಟೇ ಸಾಕು. ಇನ್ನೊಂದು, ನಾನು ನಿಜಾನೇ ಬರೆದಿರೋದು ಅಂತ ಎಲ್ರೂ ಎದೆ ತಟ್ಕೋತಾರೆ, ಕ್ರಿಮಿನಲ್ ಕೇಸಲ್ಲಿ ನಿಜ ಅಂದ್ರಷ್ಟೇ ಸಾಲಲ್ಲ, ಅದನ್ನ ಹೇಳಿದ್ದು ಸಾರ್ವಜನಿಕ ಒಳಿತಿಗೆ ಅಂತಾನೂ ತೋರಿಸ್ಬೇಕು. ನಾದಿನಿ ಬಾಣಂತನದಲ್ಲಿ ಏನಂದ್ಲು ಅನ್ನೋದ್ರಲ್ಲಿ ಸಾರ್ವಜನಿಕ ಒಳಿತು ಏನಿದೆ ಹೇಳು. ತೀರ್ಕೊಂಡೋರ ಬಗ್ಗೆ ಬರೆದ್ರೂ, ಮನೆಯೋರ ಮನಸ್ಸು ನೋಯಿಸ್ಬೇಕು ಅಂತ್ಲೇ ಬರೆದಿದ್ರೆ, ಇದೇ ಸೆಕ್ಷನ್ ಬರುತ್ತೆ. ಆದ್ರೆ ನಿಜ ಹೇಳ್ಬೇಕಂದ್ರೆ ನಮ್ಮಲ್ಲಿ ಇಂಥದ್ದಕ್ಕೆ ಯಾರೂ ಕೋರ್ಟಿಗೆ ಹೋಗಲ್ಲ, ಎಲೆ ಮೇಲೆ ಕೈ ಅಡ್ಡ ಇಡ್ತಾರೆ, ಅದು ಜಾಸ್ತಿ ದಿನ ಇರುತ್ತೆ.

ಹಾಗಾದ್ರೆ ಬರಿಯೋದೇ ಬೇಡ್ವಾ ಅಂದ್ರೆ, ಬರಿ. ಹೆಸರಿನ ಯೋಚನೆ ಬಿಟ್ಟು, ಈ ಪುಟದಲ್ಲಿ ಪೆದ್ದು ಆಗಿರೋದು ಯಾರು ಅಂತ ನೋಡ್ಕೋ. ಅದು ನೀನೇ ಆಗಿದ್ರೆ ಧೈರ್ಯವಾಗಿ ಅಚ್ಚಿಗೆ ಹಾಕು. ಮಗು ಆಗಿದ್ರೆ ತಡಿ. ನಾನು ಎರಡು ಪುಸ್ತಕ ಮಾಡಿ ಕಲ್ತಿದ್ದು ಇಷ್ಟೇ. ತಾಯ್ತನದ ಪುಸ್ತಕ ಅಂದ್ರೆ ತಾಯಿದು, ಮಗು ಅದ್ರಲ್ಲಿ ಬಂದು ಹೋಗೋದು.

ಉದಾಹರಣೆಗೆ 2018ರ ಆಗಸ್ಟ್. ಆ ಮಳೆ, ಗುಡ್ಡ ಕುಸಿದಿದ್ದು, ಮಕ್ಕಂದೂರು ಮಾದಾಪುರ ಕಡೆಯ ಸುದ್ದಿ ದಿನಾ ಒಂದೊಂದು, ಕರೆಂಟಿಲ್ಲ, ಸ್ಕೂಲಿಲ್ಲ. ಆಗ ನನ್ನ ಮಗನಿಗೆ ಏಳು ವರ್ಷ. ಆ ದಿನಗಳಲ್ಲಿ ಅವನಿಗೆ ಏನೋ ಒಂದು ಆಯ್ತು, ನಾನು ಅದನ್ನ ಎರಡು ಪುಟ ಬರೆದೆ, ಬರೆದೋರಿಗೆ ಗೊತ್ತಿರುತ್ತಲ್ಲ ಇದು ಚೆನ್ನಾಗಿ ಬಂದಿದೆ ಅಂತ, ಹಾಗೆ ಬಂದಿತ್ತು. ಪುಸ್ತಕ ಮಾಡೋ ಹೊತ್ತಿಗೆ ಅವನಿಗೆ ಹನ್ನೆರಡು. ಓದಿ ನೋಡ್ದ, ಸಿಟ್ಟೂ ಮಾಡ್ಲಿಲ್ಲ, "ಅಮ್ಮ ಇದು ತೆಗಿ" ಅಂದ, ಅಷ್ಟೇ. ಏನಾಗಿತ್ತು ಅಂತ ಇಲ್ಲೂ ಹೇಳಲ್ಲ, ಹೇಳಿದ್ರೆ ತೆಗ್ದಿದ್ದಕ್ಕೆ ಅರ್ಥ ಏನು. ಎರಡು ದಿನ ನಂಗೆ ಹೊಟ್ಟೆ ಉರೀತು. ಆಮೇಲೆ ಅದೇ ಜಾಗಕ್ಕೆ ಯೂನಿಫಾರ್ಮ್ ಒಣಗಿಸೋ ಕಥೆ ಬರೆದೆ. ಸ್ಕೂಲ್ ಮತ್ತೆ ಶುರು ಆಗುತ್ತೆ ಅಂತ ಗೊತ್ತಾದ ರಾತ್ರಿ ಒಲೆ ಮೇಲೆ ಹಗ್ಗ ಕಟ್ಟಿ ಬಟ್ಟೆ ನೇತು ಹಾಕಿ, ಅದು ಬೀಳುತ್ತೋ ಸುಡುತ್ತೋ ಅಂತ ಕಾದು ಕೂತಿದ್ದು, ಹೊರಗಡೆ ಏನೇ ಸದ್ದಾದ್ರೂ ಗುಡ್ಡಾನೇ ಅಂತ ಎದ್ದು ಹೋಗಿ ಬಾಗಿಲಲ್ಲಿ ನಿಂತಿದ್ದು, ಬೆಳಗ್ಗೆ ಮಕ್ಳು ಹೊಗೆ ವಾಸನೆ ಹೊಡ್ಕೊಂಡು ಹೊರಟಿದ್ದು. ಅದ್ರಲ್ಲಿ ಹೆದರಿರೋದು ನಾನು. ಇವತ್ತಿಗೂ ಜನ ಮಾತಾಡೋದು ಆ ಹೊಗೆ ವಾಸನೆ ಬಗ್ಗೇನೇ.

ಹಾಗಾಗಿ ಮಕ್ಕಳ ವಿಷಯಕ್ಕೆ ನಮ್ಮನೇಲಿ ಈಗ ಒಂದು ಪದ್ಧತಿ ಇದೆ. ತೀರಾ ಚಿಕ್ಕ ಮಕ್ಳನ್ನ ಕೇಳಿ ಪ್ರಯೋಜನ ಇಲ್ಲ, ಎಲ್ಲಕ್ಕೂ ಹೂಂ ಅಂತಾವೆ, ಅವರ ಬದ್ಲು ನಾವೇ ಯೋಚನೆ ಮಾಡ್ಬೇಕು. ಕಾಯಿಲೆ, ಮಾರ್ಕ್ಸು, ಬಚ್ಚಲಮನೆ, ಸ್ನೇಹಿತರ ಜೊತೆ ಜಗಳ, ಈ ನಾಲ್ಕು ನಾನು ಮುಟ್ಟಲ್ಲ. ಎಂಟೊಂಬತ್ತು ದಾಟಿದ್ಮೇಲೆ ರಾತ್ರಿ ಊಟ ಆದ್ಮೇಲೆ ಜೋರಾಗಿ ಓದಿ ಹೇಳ್ತೀನಿ, ಮುಖ ನೋಡಿದ್ರೇ ಗೊತ್ತಾಗುತ್ತೆ. ಹೈಸ್ಕೂಲ್ ಮಕ್ಳಿಗೆ ಪ್ರಿಂಟ್ ತೆಗ್ದು ಪೆನ್ನು ಸಮೇತ ಕೊಟ್ಬಿಡು. ನಿನ್ನ ಒಳ್ಳೇ ಸಾಲುಗಳೇ ಹೋಗ್ತಾವೆ, ಹೋಗ್ಲಿ.

ಇನ್ನು ಕೆಲವು ವಿಷಯ ಅನುಭವ ಕಥನದಲ್ಲಿ ಹೇಳೋಕೇ ಆಗಲ್ಲ, ಅದನ್ನ ಕಥೆ ಮಾಡ್ಬೇಕು. 'ಶರಪಂಜರ' ಅಂದ ಕೂಡ್ಲೇ ನಮ್ಮೂರೋರಿಗೆಲ್ಲ ಸಿನಿಮಾದ 'ಕೊಡಗಿನ ಕಾವೇರಿ' ಹಾಡು ನೆನಪಾಗುತ್ತೆ, ಆದ್ರೆ ತ್ರಿವೇಣಿ ಕಾದಂಬರಿಲಿ ಬರೆದಿದ್ದು ಹೆರಿಗೆ ಆದ್ಮೇಲೆ ಮನಸ್ಸು ಕೆಟ್ಟು, ವಾಸಿಯಾಗಿ ಬಂದ್ರೂ ಮನೆಯೋರು ಮೊದಲಿನ ಹಾಗೆ ನೋಡದೇ ಹೋದ ಒಬ್ಬ ತಾಯಿ ಕಥೆ. ಮನಶ್ಶಾಸ್ತ್ರ ಓದಿದೋರು ಅವರು. ಇಂಥದ್ದನ್ನ "ನಮ್ಮ ಮನೇಲಿ ಹೀಗಾಯ್ತು" ಅಂತ ಬರೆದಿದ್ರೆ ಆ ಮನೆ ಉಳೀತಾ ಇರ್ಲಿಲ್ಲ. 1963ರಲ್ಲಿ, ಹೆರಿಗೆಯಾದ ಕೆಲವೇ ದಿನಕ್ಕೆ ತ್ರಿವೇಣಿ ತೀರ್ಕೊಂಡ್ರು, 34 ವರ್ಷ, ಅದನ್ನ ನೆನೆಸ್ಕೊಂಡ್ರೆ ಇವತ್ತಿಗೂ ಸಂಕಟ ಆಗುತ್ತೆ.

ಪೆನ್ ನೇಮ್ ಇಟ್ಕೋಬೋದಾ ಅಂದ್ರೆ ಇಟ್ಕೋ, ಕಾಪಿರೈಟ್ ಎಲ್ಲೂ ಹೋಗಲ್ಲ. ಬರೆದ ಕ್ಷಣಕ್ಕೇ ಅದು ನಿಂದು, ರಿಜಿಸ್ಟರ್ ಮಾಡಿಸ್ಲೇಬೇಕು ಅಂತಿಲ್ಲ. ಸ್ವಂತ ಹೆಸರಾದ್ರೆ ಬದುಕಿರೋವರೆಗೂ, ಆಮೇಲೆ 60 ವರ್ಷ. ಪೆನ್ ನೇಮ್ ಹಿಂದೆ ಯಾರಿದಾರೆ ಅಂತ ಹೊರಗೆ ಬರ್ದೇ ಇದ್ರೆ ಪುಸ್ತಕ ಪ್ರಕಟ ಆದಾಗಿನಿಂದ 60 ವರ್ಷ. ಆದ್ರೆ ಬೇರೆಯೋರು ಬರೆದ ಪತ್ರ ನಿಂದಲ್ಲ ಅನ್ನೋದು ನೆನಪಿಟ್ಕೋ, ಕಾಗದ ನಿನ್ನ ಬೀರುಲಿ ಇದ್ರೂ ಅಕ್ಷರದ ಹಕ್ಕು ಬರೆದೋರದ್ದು. ಗಂಡ ಮದುವೆಗೆ ಮುಂಚೆ ಬರೆದ ಪತ್ರ ಹಾಕೋಕೂ ಅವರನ್ನ ಕೇಳ್ಬೇಕು. ಮಕ್ಳು ಬಿಡಿಸಿದ ಚಿತ್ರನೂ ಅಷ್ಟೇ. ಎರಡನೇ ಪುಸ್ತಕದ ಕವರ್‌ಗೆ ಮಗಳ ಆನೆ ಚಿತ್ರ ಹಾಕಿದೀನಿ, ಒಪ್ಪಂದ ಏನಪ್ಪ ಅಂದ್ರೆ ಕುಶಾಲನಗರಕ್ಕೆ ಹೋದಾಗೆಲ್ಲ ಒಂದು ಪ್ಲೇಟ್ ಮಸಾಲಪುರಿ, ಅವಧಿ ಹಾಕದೇ ಮಾತು ಕೊಟ್ಟಿದ್ದು ನನ್ನ ತಪ್ಪು. ಪ್ರಕಾಶಕರ ಜೊತೆ ಮಾತ್ರ ಆ ತಪ್ಪು ಮಾಡ್ಬೇಡ, ಎಷ್ಟು ವರ್ಷಕ್ಕೆ ಹಕ್ಕು ಬರ್ಕೊಡ್ತಿದೀಯ ಅಂತ ಪತ್ರದಲ್ಲಿ ಇರ್ಲಿ, ಇಲ್ದಿದ್ರೆ ಕಾಯ್ದೆ ಪ್ರಕಾರ ಐದು ವರ್ಷ ಅಂತ ಲೆಕ್ಕ. ನೀನೇ ಪ್ರಿಂಟ್ ಮಾಡಿಸೋದಾದ್ರೆ, ಪುಸ್ತಕದ ಗುರುತಿನ ನಂಬರ್ ಆದ ಐಎಸ್‌ಬಿಎನ್‌ಗೆ ಸರ್ಕಾರ ದುಡ್ಡು ತಗೊಳಲ್ಲ, ಅದಕ್ಕೆ ಅಂತ ಯಾರಾದ್ರೂ ಸಾವಿರ ಕೇಳಿದ್ರೆ ಕೊಡ್ಬೇಡ.

ಅತ್ತೆ ವಿಷಯಕ್ಕೆ ಬರ್ತೀನಿ, ನಿನ್ನ ಭಯ ಅದೇ ಅಲ್ವಾ. ಎರಡನೇ ಪುಸ್ತಕದಲ್ಲಿ ಹೆಸರೇ ಹಾಕ್ಲಿಲ್ಲ, ಬರೀ ಅತ್ತೆ ಅಂದೆ. ಅಚ್ಚಿಗೆ ಹೋಗೋಕೆ ಮುಂಚೆ ಮೂರು ಮಧ್ಯಾಹ್ನ ಅವರ ಮುಂದೆ ಕೂತು ಓದ್ದೆ, ಜಗಳದ ಪುಟ ಬಂದಾಗ ನನ್ನ ಗಂಟಲು ಒಣಗಿತ್ತು. ಅವರು ಅಡಿಕೆ ಕತ್ತರಿಸ್ತಾ, "ನಾನು ಹಂಗಂದಿದ್ದು ಹೌದು, ಆದ್ರೆ ನೀನು ಅದಕ್ಕೆ ಮುಂಚೆ ಏನಂದೆ ಅಂತ ಬರ್ದೇ ಇಲ್ವಲ್ಲ" ಅಂದ್ರು. ಬರ್ಕೊಂಡೆ. ದೊಡ್ಡತ್ತೆ ಇನ್ನೂ ಮಾತಾಡ್ತಿಲ್ಲ. ಮಗನ ಆ ಎರಡು ಪುಟ ಅವನ ಹಳೇ ಸ್ಕೂಲ್ ಬ್ಯಾಗಲ್ಲಿ ಹಾಕಿ ಅವನಿಗೇ ಕೊಟ್ಟಿದೀನಿ, ಏನ್ಮಾಡಿದ ಅಂತ ಕೇಳಿಲ್ಲ.