ಧರ್ಮಗ್ರಂಥವಿಲ್ಲದೆ ನೀತಿ ಉಳಿದೀತೆ? ಕೊಪ್ಪಳದ ಬಂಡೆಯಿಂದ ಎಡದಂಡೆ ಕಾಲುವೆಯವರೆಗೆ

ಕೊಪ್ಪಳದ ಗವಿಮಠದ ಗುಡ್ಡದಲ್ಲಿ ಅಶೋಕನ ಶಾಸನವೊಂದಿದೆ. ಕ್ರಿ.ಪೂ. 3ನೇ ಶತಮಾನದ್ದು, ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಅಲ್ಲೇ ಸಮೀಪದ ಪಾಲ್ಕಿಗುಂಡು ಬೆಟ್ಟದಲ್ಲಿ ಮತ್ತೊಂದಿದೆ. ಎರಡೂ ವಿದ್ವಾಂಸರ ಗಮನಕ್ಕೆ ಬಂದದ್ದು 1931ರಲ್ಲಿ. ಬ್ರಾಹ್ಮಿ ಓದುವ ಬಗೆಯನ್ನು ನಾಡು ಯಾವಾಗಲೋ ಮರೆತಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಬಿಡಿಸಿದ ಮೇಲೆಯೇ ಈ ಅಕ್ಷರಗಳಿಗೆ ಮತ್ತೆ ಬಾಯಿ ಬಂತು. ಅಲ್ಲಿಯವರೆಗೆ ನೂರಾರು ವರ್ಷ ಜನ ಆ ಬಂಡೆಯ ಪಕ್ಕದಲ್ಲೇ ಓಡಾಡಿದರು. ಹಸಿದು ಬಂದವರಿಗೆ ಉಣಬಡಿಸಿದರು, ಕೊಟ್ಟ ಸಾಲ ಕೇಳಿದರು, ತಂದ ಸಾಲ ತೀರಿಸಿದರು, ಮಾತು ತಪ್ಪಿದವನನ್ನು ಕಟ್ಟೆಗೆ ಕರೆದು ವಿಚಾರಿಸಿದರು. ಬಂಡೆಯಲ್ಲಿ ಏನಿದೆ ಎಂದು ಒಬ್ಬರಿಗೂ ತಿಳಿದಿರಲಿಲ್ಲ.

ಧರ್ಮಗ್ರಂಥದ ಆಧಾರವಿಲ್ಲದೆ ಮನುಷ್ಯ ನೀತಿಯಿಂದ ಬಾಳಬಹುದೇ ಎಂಬ ಪ್ರಶ್ನೆಗೆ ಈ ಸೀಮೆಯ ಚರಿತ್ರೆ ಕೊಡುವ ಉತ್ತರ ಸ್ಪಷ್ಟ: ಬಾಳಬಹುದು, ಬಾಳಿದ್ದಾರೆ. ಆದರೆ ಅಲ್ಲಿಗೇ ಬಿಟ್ಟರೆ ಅರ್ಧ ಹೇಳಿದಂತೆ. ನೀತಿ ಎಲ್ಲಿ ಕೆಟ್ಟಿತು, ಯಾಕೆ ಕೆಟ್ಟಿತು ಎಂಬುದನ್ನೂ ಇದೇ ಚರಿತ್ರೆ ಹೇಳುತ್ತದೆ.

ಮೊದಲು ಬಂಡೆಗಳ ಮಾತು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಪತ್ತೆ ಮಾಡಿದ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಸಿಕ್ಕಿತು ಎಂಬುದು ಎಲ್ಲರಿಗೂ ಗೊತ್ತು. ಅದರೊಳಗಿನ ಮಾತು ಅಷ್ಟು ಪ್ರಚಾರ ಪಡೆದಿಲ್ಲ. ಶ್ರಮಪಟ್ಟರೆ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದಕ್ಕುತ್ತದೆ ಎನ್ನುವುದು ಅದರ ತಿರುಳು. ಬಳ್ಳಾರಿ ಜಿಲ್ಲೆ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉದೇಗೋಳಗಳಲ್ಲಿ ಈ ಮೊದಲನೆಯ ಕಿರು ಶಾಸನದ ಜೊತೆಗೆ ಎರಡನೆಯದೂ ಇದೆ. ತಂದೆತಾಯಿಯ ಮಾತು ಕೇಳಬೇಕು, ಗುರುಹಿರಿಯರನ್ನು ಆದರಿಸಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು ಎಂಬುದು ಈ ಎರಡನೆಯ ಶಾಸನದ ಸಾರ. ಬಳ್ಳಾರಿ ಸೀಮೆಗೆ ಅಂಟಿಕೊಂಡೇ ಇರುವ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಪಾಠ ಇಷ್ಟು ಹೇಳಿ ‘ಪೋರಾಣಾ ಪಕಿತಿ’ ಎನ್ನುತ್ತದೆ. ಹಳೆಯ ರೂಢಿ ಎಂದರ್ಥ. ಇದು ಬುದ್ಧನ ಆಜ್ಞೆ ಎನ್ನಲಿಲ್ಲ, ಇಂಥ ಗ್ರಂಥದಲ್ಲಿದೆ ಎನ್ನಲಿಲ್ಲ. ಮೊದಲಿನಿಂದ ನಡೆದು ಬಂದದ್ದು, ಆಯುಸ್ಸು ಹೆಚ್ಚಿಸುವಂಥದ್ದು ಎಂದ, ಅಷ್ಟೇ.

ಅಶೋಕನಿಗೆ ಗ್ರಂಥಗಳ ಪರಿಚಯ ಇರಲಿಲ್ಲ ಎನ್ನುವಂತಿಲ್ಲ. ರಾಜಸ್ಥಾನದ ಬೈರಾಟ್‌ನಲ್ಲಿ ಅವನೇ 7 ಬೌದ್ಧ ಪಾಠಗಳ ಹೆಸರು ಹೇಳಿ, ಭಿಕ್ಷುಗಳು, ಭಿಕ್ಷುಣಿಯರು, ಉಪಾಸಕರು ಇವನ್ನು ಕೇಳಿ ಮನನ ಮಾಡಬೇಕು ಎಂದಿದ್ದಾನೆ. ಅದು ಸಂಘಕ್ಕೆ ಹೇಳಿದ ಮಾತು. ನಮ್ಮ ಕಡೆಯ ನಾಡಜನ, ಕರಣಿಕ, ಆನೆ ಸವಾರರಿಗೆ ಹೇಳಬೇಕಾದಾಗ ಆ ಪಟ್ಟಿಯನ್ನು ಹೊರತೆಗೆಯಲಿಲ್ಲ. ಅಧಿಕಾರಿ ಜನರ ನಡುವೆ ನಿಂತು ಬಾಯಿಮಾತಿನಲ್ಲಿ ತಿಳಿಸಬೇಕು ಎಂಬುದು ವ್ಯವಸ್ಥೆಯಾಗಿತ್ತು. ಒಂದೇ ದೊರೆ, ಎರಡು ಬಗೆಯ ಕೇಳುಗರು. ಗ್ರಂಥ ಯಾರಿಗೆ, ನಡತೆ ಯಾರಿಗೆ ಎಂಬ ವಿವೇಕ ಅವನಿಗಿತ್ತು.

ಮುಂದೆ ಕೊಪ್ಪಳ ‘ಕೊಪಣ’ವಾಗಿ ಜೈನರ ಮಹಾತೀರ್ಥವಾಯಿತು. ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನವಿರುವ ಬೆಟ್ಟದ ಮೇಲೆಯೇ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಕೆತ್ತಿಸಲಾಗಿದೆ. 9ನೇ ಶತಮಾನದ ‘ಕವಿರಾಜಮಾರ್ಗ’ ತಿರುಳ್ಗನ್ನಡದ, ಅಂದರೆ ಅಚ್ಚಗನ್ನಡದ, ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ಪರವಿಚಾರ, ಪರಧರ್ಮಗಳನ್ನು ಸೈರಿಸುವುದೇ ನಿಜವಾದ ಬಂಗಾರ ಎಂದದ್ದೂ ಆ ಕೃತಿಯೇ. ಬೇರೆಬೇರೆ ಆಗಮಗಳನ್ನು, ಅಂದರೆ ಧರ್ಮಗ್ರಂಥಗಳನ್ನು, ನಂಬುವವರು ಒಂದೇ ಬೀದಿಯಲ್ಲಿ ಬಾಳಬೇಕಾದ ಊರಿಗೆ, ಆ ಆಗಮಗಳಾಚೆಗಿನ ಒಂದು ಸಾಮಾನ್ಯ ನಡತೆ ಬೇಕೇಬೇಕಾಗುತ್ತದೆ.

ಗ್ರಂಥವೇ ಮೂಲ ಎನ್ನುವವರ ವಾದವನ್ನು ಹಗುರವಾಗಿ ಕಾಣಬಾರದು. ಧರ್ಮ ಕಣ್ಣಿಗೆ ಕಾಣುವ ವಸ್ತುವಲ್ಲ, ತರ್ಕಕ್ಕೂ ಸಿಗದು, ವೇದದ ವಿಧಿವಾಕ್ಯದಿಂದಲೇ ತಿಳಿಯಬೇಕು ಎಂದು ವೇದವಾಕ್ಯಗಳ ಅರ್ಥ ನಿರ್ಣಯಿಸುವ ಮೀಮಾಂಸಕರು ವಾದಿಸಿದರು. ಮಾತಿನಲ್ಲಿ ಉಳಿದ ನೀತಿಯನ್ನು ಬಲಾಢ್ಯ ತನಗೆ ಬೇಕಾದಂತೆ ತಿರುಚಬಲ್ಲ. ಬರೆದಿಟ್ಟದ್ದನ್ನು ಅವನೆದುರು ಹಿಡಿದು ತೋರಿಸಬಹುದು. ಇದು ನಿಜವಾದ ಬಲ. ಆದರೂ ಸ್ಮೃತಿಗಳೇ ಧರ್ಮದ ಮೂಲವನ್ನು ಹೇಳುವಾಗ ವೇದ, ಸ್ಮೃತಿಗಳ ಜೊತೆಗೆ ಸಜ್ಜನರ ಆಚಾರ, ತನ್ನ ಆತ್ಮಕ್ಕೆ ಒಪ್ಪುವುದು ಎಂಬ ಇನ್ನೆರಡನ್ನು ಸೇರಿಸಿದವು.

ಆ ಇನ್ನೆರಡು ಎಷ್ಟು ಕೆಲಸ ಮಾಡಿದವು ಎಂಬುದಕ್ಕೆ ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ‘ಮಿತಾಕ್ಷರಾ’ ನೋಡಬೇಕು. ಅಣ್ಣತಮ್ಮಂದಿರು ಪಾಲಾಗುವಾಗ ಹಿರಿಯನಿಗೆ ಇಪ್ಪತ್ತನೇ ಒಂದು, ನಡುವಿನವನಿಗೆ ನಲವತ್ತನೇ ಒಂದು, ಕಿರಿಯನಿಗೆ ಎಂಬತ್ತನೇ ಒಂದು ಭಾಗ ಹೆಚ್ಚುವರಿಯಾಗಿ ತೆಗೆದಿಟ್ಟು ಉಳಿದದ್ದನ್ನು ಸಮ ಹಂಚಬೇಕು ಎಂಬ ವಿಧಿ ಮನುಸ್ಮೃತಿಯಲ್ಲಿದೆ. ವಿಜ್ಞಾನೇಶ್ವರ ಅದನ್ನು ಅಲ್ಲಗಳೆಯಲಿಲ್ಲ, ಇದೆ ಎಂದು ಒಪ್ಪಿಕೊಂಡ. ಒಪ್ಪಿಕೊಂಡು, ಶಾಸ್ತ್ರದಲ್ಲಿದ್ದರೂ ಲೋಕ ದ್ವೇಷಿಸುವುದನ್ನು ಆಚರಿಸಬಾರದು ಎಂಬ ಯಾಜ್ಞವಲ್ಕ್ಯ ವಚನವನ್ನು ಮುಂದಿಟ್ಟು ಬದಿಗಿರಿಸಿದ. ಸಮಪಾಲೇ ನಿಂತಿತು. ಗ್ರಂಥವನ್ನು ಜೀವನವಿಡೀ ಓದಿದವನೇ ಗ್ರಂಥಕ್ಕಿಂತ ಜನರ ನ್ಯಾಯಪ್ರಜ್ಞೆಗೆ ಮಣಿದ ನಿದರ್ಶನ ಇದಕ್ಕಿಂತ ಸ್ಪಷ್ಟವಾಗಿ ಇನ್ನೊಂದಿಲ್ಲ.

12ನೇ ಶತಮಾನದಲ್ಲಿ ಅದೇ ಕಲ್ಯಾಣಕ್ಕೆ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಮಾರಯ್ಯ, ಲಕ್ಕಮ್ಮ ಎಂಬ ದಂಪತಿ ಬಂದರು. ಚೆಲ್ಲಿದ ಅಕ್ಕಿ ಆಯ್ದು ತಂದು, ಅದರಲ್ಲೇ ಅಟ್ಟು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದ. ಕದ್ದದ್ದಲ್ಲ, ಕಸಿದದ್ದಲ್ಲ, ನೆಲದಲ್ಲಿ ಬಿದ್ದದ್ದೇ. ಲಕ್ಕಮ್ಮ ‘ಈಸಕ್ಕಿಯಾಸೆ ನಿಮಗೇಕೆ?’ ಎಂದು ಕೇಳಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಕಳಿಸಿದಳು. ಆಸೆ ಅರಸನಿಗಿರಬಹುದು, ಶಿವಭಕ್ತರಿಗುಂಟೇ ಎಂಬುದು ಅವಳ ವಾದ. ಇಲ್ಲಿ ಯಾವ ಶಾಸ್ತ್ರದ ಉಲ್ಲೇಖವೂ ಇಲ್ಲ. ಎಷ್ಟು ಬೇಕು, ಎಷ್ಟು ತಂದೆ, ಉಳಿದದ್ದು ಯಾರದ್ದು ಎಂಬ ಮೂರೇ ಲೆಕ್ಕ. ಲೆಕ್ಕ ಕೇಳಿದವಳು ಮನೆಯಲ್ಲೇ ಇದ್ದಳು, ಕೇಳುವ ಅಧಿಕಾರ ಅವಳಿಗಿತ್ತು. ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಅದು.

ಮಾನ್ವಿ ಸೀಮೆಯ ಚೀಕಲಪರವಿಯ ವಿಜಯದಾಸರು, ಬ್ಯಾಗವಾಟದ ಜಗನ್ನಾಥದಾಸರು ಸಂಸ್ಕೃತ ಶಾಸ್ತ್ರವನ್ನು ಬಲ್ಲವರಾಗಿದ್ದೂ ಕನ್ನಡದ ಹಾಡಿಗೆ ಇಳಿಸಿದರು. ಪುಸ್ತಕ ಹಿಡಿಯದವರ ಕಿವಿಗೂ ಅದು ತಲುಪಿತು.

ಹಾಗಾದರೆ ‘ನಿಮ್ಮ ಧರ್ಮಗ್ರಂಥ ಯಾವುದು’ ಎಂಬ ಪ್ರಶ್ನೆ ಇಷ್ಟು ಗಟ್ಟಿಯಾದದ್ದು ಯಾವಾಗ? ಅದರಲ್ಲಿ ಕೋರ್ಟಿನ ಪಾಲು ದೊಡ್ಡದು. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳದಲ್ಲಿ, ಮದುವೆ, ಆಸ್ತಿ, ಜಾತಿ ವ್ಯಾಜ್ಯಗಳಲ್ಲಿ ಮುಸ್ಲಿಮರಿಗೆ ಕುರಾನಿನ, ಹಿಂದೂಗಳಿಗೆ ಶಾಸ್ತ್ರದ ಕಾನೂನು ಅನ್ವಯಿಸಬೇಕು ಎಂದು ಗೊತ್ತುಪಡಿಸಿದ. ಊರಿಗೊಂದು, ಕುಲಕ್ಕೊಂದು ಇದ್ದ ರೂಢಿ ಪುಸ್ತಕದ ಎದುರು ಸಾಕ್ಷಿ ಹೇಳಬೇಕಾಯಿತು. 1800ರಲ್ಲಿ ನಿಜಾಮನಿಂದ ಕಂಪನಿಗೆ ಬಂದ ಬಳ್ಳಾರಿ ಮದ್ರಾಸ್ ಆಡಳಿತಕ್ಕೆ ಸೇರಿತು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದರು. ಅಚ್ಚಾದ ಪುಸ್ತಕ ಎದುರು ಬಂದಾಗ ಉಳಿದವರೂ ತಮ್ಮ ಪುಸ್ತಕ ಹುಡುಕಿಕೊಳ್ಳಬೇಕಾಯಿತು. 1868ರಲ್ಲಿ ಮದ್ರಾಸ್ ಪ್ರಾಂತ್ಯದ ರಾಮನಾಡಿನ ದತ್ತಕ ವ್ಯಾಜ್ಯದಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಅಂದಿನ ಕೊನೆಯ ಮೇಲ್ಮನವಿಯ ಕೋರ್ಟು, ರೂಢಿ ಸ್ಪಷ್ಟವಾಗಿ ಸಾಬೀತಾದರೆ ಅದು ಬರೆದ ಪಾಠಕ್ಕಿಂತ ಮೇಲು ಎಂದಿತು. ಸಾಬೀತು ಮಾಡುವ ಭಾರ ಮಾತ್ರ ರೂಢಿಯವನ ಮೇಲೇ ಬಿತ್ತು. ಪುಸ್ತಕದವನಿಗೆ ಆ ಭಾರ ಇರಲಿಲ್ಲ.

ರೂಢಿಯನ್ನು ಹೊಗಳಿ ಮುಗಿಸುವಂತಿಲ್ಲ. ದೇವದಾಸಿ ಪದ್ಧತಿಯೂ ರೂಢಿಯೇ. ಮುತ್ತು ಕಟ್ಟಿಸಿಕೊಂಡು ದೇವರಿಗೆ ಬಿಡಲ್ಪಟ್ಟ ಹುಡುಗಿಯರಲ್ಲಿ ಬಹುತೇಕರು ದಲಿತರ ಮನೆಯವರು. ಕಟ್ಟುವ ತೀರ್ಮಾನ ಮಾಡುವಾಗ ಆ ಹುಡುಗಿಯನ್ನು ಯಾರೂ ಕೇಳಲಿಲ್ಲ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗಲೇ 1947ರಲ್ಲಿ ಅಲ್ಲಿ ನಿಷೇಧದ ಕಾನೂನಾಯಿತು, ಇಡೀ ಕರ್ನಾಟಕಕ್ಕೆ 1982ರ ಕಾಯ್ದೆ ಬಂತು. 2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಮಗು ಗುಡಿಯೊಳಗೆ ಓಡಿತೆಂದು ಶುದ್ಧೀಕರಣದ ಹೆಸರಿನಲ್ಲಿ 25 ಸಾವಿರ ರೂಪಾಯಿ ಕೇಳಲಾಯಿತು. ಕೇಳಿದವರು ತಾವು ಊರಿನ ಮರ್ಯಾದೆ ಕಾಯುತ್ತಿದ್ದೇವೆ ಎಂದೇ ನಂಬಿದ್ದಿರಬೇಕು. ಆ ಮಗುವಿನ ಅಪ್ಪ ಅಮ್ಮನ ಪಾಲಿಗೆ ಆಸರೆಯಾದದ್ದು ಸಂವಿಧಾನ, ಬರೆದಿಟ್ಟ ಪುಸ್ತಕ. ಬರಹದ ಬಲ ನಿಜ ಎಂದದ್ದು ಇದಕ್ಕೇ. ಆದರೆ ಆ ಪುಸ್ತಕ ಪ್ರಶ್ನೆಗೆ ಬಾಗಿಲು ತೆರೆದಿಟ್ಟದ್ದು, ತಿದ್ದಲು ಬರುವಂಥದ್ದು; ಅದನ್ನು ದೇವರು ಕೊಟ್ಟದ್ದೆಂದು ಯಾರೂ ಹೇಳಿಲ್ಲ.

ಹೀಗೆ ನೋಡಿದರೆ ನೀತಿ ಕೆಡುವುದು ಗ್ರಂಥ ಇಲ್ಲದ್ದರಿಂದಲ್ಲ, ಗ್ರಂಥ ಇದ್ದದ್ದರಿಂದಲೂ ಅಲ್ಲ. ಪೆಟ್ಟು ತಿನ್ನುವವರು ಮಾತಾಡುವ ಜಾಗದಲ್ಲಿ ಇಲ್ಲದಾಗ ಕೆಡುತ್ತದೆ.

ಇವತ್ತಿನ ಉದಾಹರಣೆ ತುಂಗಭದ್ರಾ ಎಡದಂಡೆ ಕಾಲುವೆ. ಮುನಿರಾಬಾದ್ ಕಡೆಯಿಂದ ಹೊರಟು ಕೊಪ್ಪಳ ಜಿಲ್ಲೆ ದಾಟಿ ರಾಯಚೂರಿನವರೆಗೆ 227 ಕಿ.ಮೀ. ಮುಖ್ಯ ನಾಲೆಯಿಂದ ವಿತರಣಾ ನಾಲೆ, ಅಲ್ಲಿಂದ ಉಪಕಾಲುವೆ, ಅಲ್ಲಿಂದ ತೂಬು, ಕೊನೆಗೆ ಹೊಲಗಾಲುವೆ. ಯೋಜನೆ ಮಾಡಿದವರ ಲೆಕ್ಕ ಹೆಚ್ಚು ನೆಲಕ್ಕೆ ತೆಳುವಾಗಿ ನೀರು ಹಂಚುವುದು: ಜೋಳ, ಹತ್ತಿಯಂಥ ಬೆಳೆಗೆ ಆಗೀಗ ಒಂದು ತೇವ. ಯಾವ ಹೊಲಕ್ಕೆ ಯಾವ ಬೆಳೆ ಎಂದು ನಿಗದಿಯೂ ಆಗಿತ್ತು. ಮೇಲ್ಭಾಗದಲ್ಲಿ ಭತ್ತ ಬಂತು. ಭತ್ತಕ್ಕೆ ಗದ್ದೆಯಲ್ಲಿ ನೀರು ನಿಲ್ಲಬೇಕು. ತೂಬು ಹಿಗ್ಗಿಸಿದರು, ಪೈಪು ಇಟ್ಟರು, ನಾಲೆಗೇ ಪಂಪ್‌ಸೆಟ್ ಇಳಿಸಿದರು. ಮೇಲಿನವನು ಕಳ್ಳನಲ್ಲ. ಗುಡಿಗೆ ಹೋಗುತ್ತಾನೆ, ಜಾತ್ರೆಗೆ ರೊಟ್ಟಿ ಕಳಿಸುತ್ತಾನೆ, ಪಕ್ಕದ ಹೊಲದವನ ಬದು ಒತ್ತುವುದಿಲ್ಲ. ಮಾನ್ವಿ, ಸಿರವಾರದ ಕೊನೆಯಂಚಿನಲ್ಲಿ ಒಣಗುತ್ತಿರುವ ಪೈರು ಮಾತ್ರ ಅವನ ಕಣ್ಣಿಗೆ ಬೀಳುವುದಿಲ್ಲ. ಕದಿಯಬೇಡ ಎಂಬ ವಿಧಿ ಎಲ್ಲ ಗ್ರಂಥದಲ್ಲೂ ಇದೆ. ತೂಬು ನಾಲ್ಕು ಬೆರಳು ಎತ್ತುವುದು ಕಳವು ಎಂದು ಅವನಿಗೆ ಹೇಳುವವರು ಅವನ ಊರಲ್ಲಿಲ್ಲ.

ಅದನ್ನು ಹೇಳುವುದು ಗೇಜು, ನಾಲೆಯ ನೀರಿನ ಮಟ್ಟ ತೋರಿಸುವ ಅಳತೆಗೋಲು. 69ನೇ ಮೈಲಿಯಲ್ಲಿ ಎಷ್ಟು ಅಡಿ ನೀರಿದೆ, 104ನೇ ಮೈಲಿಯಲ್ಲಿ ಎಷ್ಟಿದೆ ಎಂಬ ಎರಡು ಅಂಕಿಗಳಲ್ಲಿ ನಡುವಿನ ಕಥೆಯೆಲ್ಲ ಇರುತ್ತದೆ. ಕೊನೆಯಂಚಿನ ರೈತರು ರಸ್ತೆಗೆ ಕೂತಾಗಲೂ, ನೀರಾವರಿ ಸಲಹಾ ಸಮಿತಿಯ ಸಭೆ ಸೇರಿದಾಗಲೂ ಕೇಳುವುದು ಅದನ್ನೇ: ಇವತ್ತು 104ರಲ್ಲಿ ಗೇಜು ಎಷ್ಟು?