ಸಂತೆಗೆ ನಾಲ್ಕೂ ಜನ ಒಟ್ಟಿಗೆ ಹೋಗಿದ್ದೀರಾ?

ಜೀತ, ಮಾನವ ಸಾಗಾಟದ ಪ್ರಕರಣಗಳ ವಿಚಾರಣೆ ಹೇಗೆ ಅನ್ನುವ ತರಬೇತಿಗೆ ಬಂದ ಅಧಿಕಾರಿಗಳ ಮುಂದೆ ನಾನು ಮೊದಲು ಇಡುವುದು ಒಂದು ಇಟ್ಟಿಗೆ ಗೂಡಿನ ಕಥೆ. ಒಡಿಶಾದ ಬಲಾಂಗೀರ್ ಕಡೆಯ ಕುಟುಂಬ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ನುವಾಖಾಯಿ ಹಬ್ಬದ ಹೊತ್ತಿಗೆ ಕೂಲಿಗೆ ಜನ ಕರೆದೊಯ್ಯುವ ಊರಿನ ಸರ್ದಾರನ ಹತ್ತಿರ ಮುಂಗಡ ತೆಗೆದುಕೊಂಡು, ಬೆಂಗಳೂರಿನ ಹೊರವಲಯದ ಗೂಡಿಗೆ ಬಂದಿದ್ದಾರೆ. ನೀವು ವಿಚಾರಣೆಗೆ ಹೋಗಿದ್ದೀರಿ. ಏನು ಕೇಳುತ್ತೀರಿ?

ಹೆಚ್ಚಿನವರು ಕೇಳುವುದು ಇಷ್ಟೇ. "ನಿಮ್ಮನ್ನ ಕೂಡಿ ಹಾಕಿದ್ರಾ?" ಇಲ್ಲ. "ಹೊಡೆದ್ರಾ?" ಇಲ್ಲ. "ಸಂತೆಗೆ ಹೋಗ್ತಿದ್ರಾ?" ಹೌದು, ವಾರಕ್ಕೊಮ್ಮೆ. ಅಲ್ಲಿಗೆ ವಿಚಾರಣೆ ಮುಗಿಯಿತು. 'ಸ್ವಇಚ್ಛೆಯಿಂದ ಕೆಲಸ ಮಾಡುತ್ತಿದ್ದಾರೆ' ಅಂತ ವರದಿ.

ಆಗ ನಾನು ಇನ್ನೊಂದು ಪ್ರಶ್ನೆ ಸೇರಿಸುತ್ತೇನೆ. ಸಂತೆಗೆ ನಾಲ್ಕೂ ಜನ ಒಟ್ಟಿಗೆ ಹೋಗಿದ್ದೀರಾ? ಇಲ್ಲ, ಯಾರಾದರೂ ಒಬ್ಬರು ಗೂಡಲ್ಲೇ ಇರಬೇಕು. ಹೆಚ್ಚಾಗಿ ಮಗು. ಮಗು ಅಲ್ಲಿರುವಾಗ ತಾಯಿ ಎಲ್ಲಿಗೆ ಓಡುತ್ತಾಳೆ? ಕೋಣೆಯಲ್ಲಿ ಒಂದು ನಿಮಿಷ ಯಾರೂ ಮಾತಾಡುವುದಿಲ್ಲ.

ವಕೀಲೆಯಾಗಿ ಇಷ್ಟು ವರ್ಷ ಇಂಥ ಪ್ರಕರಣ ನೋಡಿದ ಮೇಲೆ ನನಗೆ ಅನ್ನಿಸಿದ್ದು, ನಮ್ಮವರಿಗೆ ಕಾನೂನು ಗೊತ್ತಿಲ್ಲ ಅಂತಲ್ಲ. ಕೇಳುವುದು ಹೇಗೆ ಅಂತ ಯಾರೂ ಕಲಿಸಿಲ್ಲ. ಕಾನೂನು ಬೇಕಾದಷ್ಟಿದೆ. 1976ರ ಜೀತ ನಿರ್ಮೂಲನಾ ಕಾಯ್ದೆಯಲ್ಲಿ ಬೀಗ, ಸರಪಳಿ ಇರಲೇಬೇಕು ಅಂತ ಎಲ್ಲೂ ಹೇಳಿಲ್ಲ. ಮುಂಗಡದ ಕಾರಣಕ್ಕೆ ಬೇರೆ ಕಡೆ ಕೆಲಸಕ್ಕೆ ಹೋಗುವಂತಿಲ್ಲವೇ? ಬೇಕಾದಲ್ಲಿಗೆ ಓಡಾಡುವಂತಿಲ್ಲವೇ? ಕನಿಷ್ಠ ಕೂಲಿ ಸಿಗುತ್ತಿಲ್ಲವೇ? ಒಂದಕ್ಕೆ ಹೌದು ಅಂದರೂ ಸಾಕು. ಅದು ಜೀತದ ಸಾಲ ಅಲ್ಲ ಅಂತ ಸಾಬೀತು ಮಾಡಬೇಕಾದವನು ಸಾಲ ಕೊಟ್ಟವನು, ಕೂಲಿಯವನಲ್ಲ. ಬಲವಂತದ ದುಡಿಮೆ ಕಂಡರೆ ಅದರ ಹಿಂದೆ ಮುಂಗಡ ಇದೆ ಅಂತಲೇ ಭಾವಿಸಬೇಕು ಎಂದು ಸುಪ್ರೀಂ ಕೋರ್ಟ್ ಬಂಧುವಾ ಮುಕ್ತಿ ಮೋರ್ಚಾ ಪ್ರಕರಣದಲ್ಲಿ ಹೇಳಿದೆ. ಮಾನವ ಸಾಗಾಟದ ಅಪರಾಧಕ್ಕೆ ಈಗ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಇದೆ. ಅದರ ಪ್ರಕಾರ ಸಂತ್ರಸ್ತರ ಒಪ್ಪಿಗೆ ಲೆಕ್ಕಕ್ಕೇ ಬರುವುದಿಲ್ಲ. 'ಸ್ವಇಚ್ಛೆ' ಅಂತ ಬರೆಯುವ ಮುಂಚೆ ಇದನ್ನು ಒಮ್ಮೆ ಓದಿ ಅಂತ ನಾನು ಬೇಡಿಕೊಳ್ಳುತ್ತೇನೆ.

ಇನ್ನು ಭಾಷೆ. ಒಡಿಯಾ ಮಾತ್ರ ಬರುವ ಹೆಂಗಸಿನ ಹೇಳಿಕೆ ಬರೆದುಕೊಳ್ಳಲು, ಅಲ್ಲೇ ನಿಂತಿರುವ ಗೂಡಿನ ಮೇಸ್ತ್ರಿಯನ್ನೇ ಕರೆದು "ಏನಂತಾಳೆ ನೋಡಪ್ಪಾ" ಅನ್ನುವುದನ್ನು ನಾನೇ ಕಂಡಿದ್ದೇನೆ. ಅವಳ ಮುಖ ಬಿಳಿಚಿಕೊಂಡಿತ್ತು. ಅವನು ಹೇಳಿದ್ದೇ ಅವಳ ಹೇಳಿಕೆಯಾಯಿತು. ಅಧಿಕಾರಿಗೆ ಕೆಟ್ಟ ಉದ್ದೇಶ ಇರಲಿಲ್ಲ, ಕೈಗೆ ಸಿಕ್ಕ ಸಹಾಯ ತೆಗೆದುಕೊಂಡರು ಅಷ್ಟೇ. ಅದಕ್ಕೇ ಹೇಳುವುದು, ಜೀಪು ಹತ್ತುವ ಮೊದಲೇ ದುಭಾಷಿ ಸಿದ್ಧವಿರಬೇಕು. ಗಂಡನನ್ನೂ ಹೆಂಡತಿಯನ್ನೂ ಬೇರೆ ಬೇರೆ ಕೂರಿಸಿ ಮಾತಾಡಬೇಕು, ಮಾಲೀಕನ ಕಣ್ಣಿಗೆ ಬೀಳದ ಜಾಗದಲ್ಲಿ. ಆಧಾರ್ ಕಾರ್ಡು, ಫೋನು ಯಾರ ಹತ್ತಿರ ಇದೆ ಅಂತ ಕೇಳಬೇಕು. ಪಾತ್ರೆ, ಬಟ್ಟೆ ತಂದುಕೊಳ್ಳಲು ಟೈಮ್ ಕೊಡಬೇಕು.

ಲೈಂಗಿಕ ಶೋಷಣೆಗಾಗಿ ಸಾಗಿಸಲ್ಪಟ್ಟ ಹೆಣ್ಣುಮಕ್ಕಳ ವಿಚಾರದಲ್ಲಿ ಕಲಿಯಬೇಕಾದ್ದು ಇನ್ನೂ ಜಾಸ್ತಿ ಇದೆ, ಅದಕ್ಕೆ ಬೇರೆಯೇ ಅಂಕಣ ಬೇಕು. ಇಲ್ಲಿ ಒಂದೇ ಮಾತು: ಅವರನ್ನು ಆರೋಪಿಗಳ ಪಟ್ಟಿಗೆ ಸೇರಿಸಬೇಡಿ, ಮಾಧ್ಯಮದವರ ಮುಂದೆ ಸಾಲಾಗಿ ಕೂರಿಸಬೇಡಿ.

ತರಬೇತಿಗೆ ಯಾರನ್ನು ಕರೆಯುತ್ತೇವೆ ಅನ್ನುವುದೂ ಮುಖ್ಯ. ಹಿರಿಯ ಅಧಿಕಾರಿಗಳು ಬರುತ್ತಾರೆ, ಆರು ತಿಂಗಳಿಗೆ ವರ್ಗವಾಗಿ ಹೋಗುತ್ತಾರೆ. ಗೂಡಿಗೆ ಮೊದಲು ಹೋಗುವ ಗ್ರಾಮ ಆಡಳಿತಾಧಿಕಾರಿ, ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರ್, ರಾತ್ರಿ ಪಾಳಿಯ ಮಹಿಳಾ ಕಾನ್‌ಸ್ಟೇಬಲ್, ಇವರನ್ನು ಕರೆಯುವುದೇ ಇಲ್ಲ. ಸಂತ್ರಸ್ತರು ಸರ್ಕಾರದ ಮುಖ ಅಂತ ಮೊದಲು ನೋಡುವುದು ಇವರನ್ನೇ ಅಲ್ವಾ?

ಕೊನೆಗೆ ಕಾಗದ. ಇದರಲ್ಲಿ ನನ್ನದೇ ಒಂದು ನೋವಿದೆ. ಹಲವು ವರ್ಷದ ಹಿಂದೆ ಒಂದು ತಾಲ್ಲೂಕಿನಲ್ಲಿ ಬಿಡಿಸಿದ ಕೂಲಿಗಳನ್ನು ಅದೇ ರಾತ್ರಿ ರೈಲು ಹತ್ತಿಸಿ ಕಳಿಸಿದರು. ಜೀತದಿಂದ ಬಿಡುಗಡೆಯಾಗಿದ್ದಾರೆ ಅಂತ ಸರ್ಕಾರ ಕೊಡುವ ಬಿಡುಗಡೆ ಪತ್ರ ಕೊಡಲಿಲ್ಲ, ಆಮೇಲೆ ಅಂಚೆಯಲ್ಲಿ ಕಳಿಸುತ್ತೇವೆ ಅಂದರು. ಬರಲೇ ಇಲ್ಲ. ಪತ್ರ ಇಲ್ಲದೆ ಅವರ ಊರಿನಲ್ಲಿ ಪರಿಹಾರ ಸಿಗಲಿಲ್ಲ. ಮುಂದಿನ ವರ್ಷ ಅವರಲ್ಲಿ ಕೆಲವರು ಅದೇ ಸರ್ದಾರನ ಜೊತೆ ವಾಪಸ್ ಬಂದರು. ನಾನು ಆ ರಾತ್ರಿ ಇನ್ನೂ ಗಟ್ಟಿಯಾಗಿ ಹಠ ಹಿಡಿಯಬೇಕಿತ್ತು.

ಆ ಪತ್ರಕ್ಕೆ ಅಷ್ಟು ಬೆಲೆ ಇದೆ. ಅದರಿಂದಲೇ ಕೇಂದ್ರ ಯೋಜನೆಯ ತಕ್ಷಣದ ನೆರವು, 30,000 ರೂಪಾಯಿವರೆಗೆ, ಸಿಗುತ್ತದೆ. ಅದಕ್ಕೆ ಕೇಸು ಮುಗಿಯುವ ತನಕ ಕಾಯಬೇಕಿಲ್ಲ. ಪೂರ್ಣ ಪುನರ್ವಸತಿ 1 ಲಕ್ಷದಿಂದ 3 ಲಕ್ಷದವರೆಗೆ.

ಅದಕ್ಕೇ ಈಗ ತರಬೇತಿಯ ಕೊನೆಯ ಅರ್ಧ ಗಂಟೆ ನಾನು ಮಾತಾಡುವುದಿಲ್ಲ. ಎಲ್ಲರಿಗೂ ಖಾಲಿ ಬಿಡುಗಡೆ ಪತ್ರದ ನಮೂನೆ ಹಂಚುತ್ತೇನೆ. ಮೊದಲು ಹೇಳಿದ ಕುಟುಂಬಕ್ಕೆ ಎ.ಸಿ. (ಉಪವಿಭಾಗಾಧಿಕಾರಿ) ಸಾಹೇಬರ ಸಹಿಗೆ ಹೋಗುವಂತೆ ಬರೆಯಿರಿ ಅನ್ನುತ್ತೇನೆ. ತುಂಬ ಜನ ಗಂಡನ ಹೆಸರಿನಲ್ಲಿ ಒಂದೇ ಪತ್ರ ಬರೆದು ಕೈ ಕಟ್ಟಿ ಕೂರುತ್ತಾರೆ. ಹೆಂಡತಿಯೂ ಇಟ್ಟಿಗೆ ಕೊಯ್ದಿದ್ದಾಳೆ, ಮಕ್ಕಳೂ ಮಣ್ಣು ತುಳಿದಿದ್ದಾರೆ. ಅವರವರ ಹೆಸರಿಗೆ ಒಂದೊಂದು ಪತ್ರ ಬರೆದು ಮುಗಿಸಿದ ಮೇಲೆಯೇ ಊಟಕ್ಕೆ ಏಳುವುದು.